ಗೌರಿಗೆ ಹೇಳಿದ ಮಾತು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನಮ್ಮ ಮನೆ ಓನರ್ ಸೊಣ್ಣಮ್ಮನಿಗೆ ಅನ್ವಯಿಸುವುದಿಲ್ಲ. ಅವಳು ಜಗಳವನ್ನು ಮೊಸರಿನ ಹಾಗೆ ಹೆಪ್ಪು ಹಾಕಿ ಇಡುವವಳು. ಬೆಂಗಳೂರಿನ ಅಬ್ಬಿಗೆರೆಯಲ್ಲಿ ಅವಳಿಗೆ ಎರಡು ಕಟ್ಟಡಗಳಿವೆ, ನಡುವೆ ಒಂದು ಶೀಟಿನ ಕೊಟ್ಟಿಗೆ, ಅದರಲ್ಲಿ ಗೌರಿ ಎಂಬ ಹಸು. ಗದಗಿನ ಕಡೆಯಿಂದ ಬಂದು ಅವಳ ಮಹಡಿಯಲ್ಲಿ ಬಾಡಿಗೆಗಿರುವ ನನಗೆ ಕೊಟ್ಟಿಗೆಯ ಮಾತೆಲ್ಲ ಕೇಳಿಸುತ್ತದೆ.

ಜಗಳವಾದಾಗ ಗಂಡ ಮುನಿಕೃಷ್ಣಪ್ಪನವರೂ ಅವಳೂ ನೇರವಾಗಿ ಮಾತಾಡುವುದಿಲ್ಲ, ಹಸುವಿಗೆ ಹೇಳುತ್ತಾರೆ. "ಗೌರಿ, ಮುದ್ದೆ ಆಗೈತೆ ಅಂತ ಹೇಳು" ಎಂದು ಇವಳು. "ಗೌರಿ, ಅಸಿವಿಲ್ಲ ಅಂತ ಹೇಳು" ಎಂದು ಅವರು. ಈ ಸಲ ಗೌರಿ ಕರು ಹಾಕಿದಾಗ ಗಿಣ್ಣು ಹಾಲನ್ನೆಲ್ಲ ಅವರು ತಮ್ಮ ಅಕ್ಕನ ಮನೆಗೆ ಕೊಟ್ಟು ಬಂದಿದ್ದರು. ಅದಕ್ಕೇ ಮುನಿಸು.

ಒಂದು ಬೆಳಿಗ್ಗೆ ಸೊಣ್ಣಮ್ಮ ಕೆಳಗಿನಿಂದ ಕೂಗಿದಳು. ಹೋಗಿ ನೋಡಿದರೆ ಮುನಿಕೃಷ್ಣಪ್ಪನವರು ಗೋಡೆಗೆ ಒರಗಿ ಕುಳಿತಿದ್ದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಬಲಗೈ ಜೋತುಬಿದ್ದಿತ್ತು, ಮಾತಿರಲಿಲ್ಲ. ಲಕ್ವ ಎಂದು ಗೊತ್ತಾಯಿತು. ಆಟೊ ಹಿಡಿದು ಹೆಬ್ಬಾಳದ ಕಡೆಯ ಆಸ್ಪತ್ರೆಗೆ ಹೊರಟೆವು.

ಬಾಗಿಲಲ್ಲಿದ್ದ ಸೆಕ್ಯುರಿಟಿಯವನು ಅವರ ಬಾಯಿ ನೋಡಿದ್ದೇ ಗಂಟೆ ಒತ್ತಿದ. ಸ್ಟ್ರೆಚರ್ ಓಡಿಬಂತು. ಚೀಟಿ ಮಾಡಿಸಿ ಎನ್ನಲಿಲ್ಲ, ಕೂತಿರಿ ಎನ್ನಲಿಲ್ಲ, ಸೀದಾ ಸ್ಕ್ಯಾನಿಂಗಿಗೆ ಒಯ್ದರು. ಆಸ್ಪತ್ರೆಯವರು ಅವಸರ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಮಾಧಾನವಾಗುವ ಬದಲು ದಿಗಿಲಾಯಿತು.

"ಯಾಕೆ ರತ್ನಕ್ಕ ಇಂಗೆ ಓಡಿಸ್ತಾವ್ರೆ? ಕೈ ಮೀರೋಯ್ತಾ?" ಎಂದಳು ಸೊಣ್ಣಮ್ಮ. ನಾನು ಅವಳನ್ನು ಬೆಂಚಿನ ಮೇಲೆ ಕೂರಿಸಿದೆ.

ಡಾಕ್ಟರ್ ಕೀರ್ತಿ ಹೊರಗೆ ಬಂದರು. "ಅಮ್ಮ, ಮೆದುಳಿನ ರಕ್ತನಾಳ ಕಟ್ಕೊಂಡಿದೆ. ಕರಗಿಸೋ ಇಂಜೆಕ್ಷನ್ ಇದೆ, ಆದ್ರೆ ಶುರುವಾದ ನಾಲ್ಕೂವರೆ ಗಂಟೆ ಒಳಗೇ ಕೊಡ್ಬೇಕು. ಇವ್ರು ಕೊನೆಗೆ ಸರಿಯಾಗಿ ಮಾತಾಡಿದ್ದು ಯಾವಾಗ?"

"ಮಾತಾಡಿ ನಾಕ್ ದಿನ ಆಯ್ತು ತಾಯಿ."

ಔಷಧಿ ಸಿದ್ಧಮಾಡುತ್ತಿದ್ದ ನರ್ಸ್ ರೆಹಾನಾ ಕೈ ನಿಲ್ಲಿಸಿದಳು. "ಅಷ್ಟು ದಿನ ಆಗಿದ್ರೆ ಕೊಡೋಕಾಗಲ್ಲ, ರಕ್ತಸ್ರಾವ ಆಗ್ಬಹುದು" ಎಂದರು ಡಾಕ್ಟರ್.

ನಾನು ನೆನಪು ಕೆದಕಿದೆ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಗಂಡಸಿನ ದನಿ ಕೇಳಿದ್ದೆನೇ? ಅದು ಇವತ್ತೋ, ನಿನ್ನೆಯೋ? ಆ ಮನೆಯ ಬೆಳಗುಗಳೆಲ್ಲ ಒಂದೇ ಥರ. ಆಮೇಲೆ ಥಟ್ಟನೆ ಹೊಳೆಯಿತು.

"ಸೊಣ್ಣಮ್ಮಾ, ಗೌರಿ ಕೂಡ ಯಾವಾಗ ಮಾತಾಡ್ಯಾರ?"

ಅವಳು ನಾಚಿಕೆಯಿಂದ ತಲೆ ತಗ್ಗಿಸಿದಳು. "ಗೌರಿ ತಾವ ಇವತ್ತೂ ಮಾತಾಡಿದ್ರು."

"ಗೌರಿ ಮಗಳಾ? ಬೇಗ ಫೋನ್ ಮಾಡಿ" ಎಂದರು ಡಾಕ್ಟರ್.

"ನಮ್ಮ ಅಸ, ತಾಯಿ."

ಡಾಕ್ಟರ್ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

"ಏನಂದ್ರು?"

"ಆಲು ಡೈರಿಗೆ ಆಕಿ ಬಂದು ಕಾಪಿ ಕುಡುದ್ರು. ಏಳ್ ಗಂಟೆ ಆಗಿತ್ತು. 'ಗೌರಿ, ಸಕ್ರೆ ಸಾಲ್ದು ಅಂತ ಆವಮ್ಮಂಗೆ ಹೇಳು' ಅಂದ್ರು."

"ಮಾತು ಸ್ಪಷ್ಟವಾಗಿತ್ತಾ?"

"ಬೀದಿಗೆಲ್ಲ ಕೇಳ್ಸಂಗೆ ಅಂದ್ರು."

ಗೋಡೆ ಗಡಿಯಾರದಲ್ಲಿ ಇನ್ನೂ ಒಂಬತ್ತಾಗಿರಲಿಲ್ಲ. "ರೆಹಾನಾ, ಕೊಡಿ" ಎಂದರು ಡಾಕ್ಟರ್. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ.

ಮರುದಿನ ಒಳಗೆ ಬಿಟ್ಟರು. ಮುನಿಕೃಷ್ಣಪ್ಪನವರ ಬಲಗೈ ಸ್ವಲ್ಪ ಎದ್ದಿತು. ಸೊಣ್ಣಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಅಳತೊಡಗಿದಳು. ಅವರು ಅವಳನ್ನೇ ನೋಡಿ, ಆಮೇಲೆ ನನ್ನ ಕಡೆ ತಿರುಗಿ ತೊದಲಿದರು.

"ಗೌರಿ... ಅಳ್ಬ್ಯಾಡ ಅಂತ... ಆವಮ್ಮಂಗೆ ಹೇಳು."

ನಾನು ಅವರ ಕಣ್ಣಿಗೆ ಹಸುವಾಗಿ ಕಂಡೆನೋ, ಬಿಗುಮಾನ ಬಿಡಲಾಗಲಿಲ್ಲವೋ, ಇವತ್ತಿಗೂ ನನಗೆ ತಿಳಿದಿಲ್ಲ.

ಸೊಣ್ಣಮ್ಮ ಅವರ ಕೈ ಹಿಡಿದುಕೊಂಡಳು. "ಗೌರಿ ಮನೇಲವ್ಳೆ. ನಂಗೇ ಹೇಳಿ."