ಶಟ್ಟೆವ್ವನ ಎರಡು ಫ್ಲಾಪಿ

ಬೈಲಹೊಂಗಲದ ಅಂದಾನೆಪ್ಪ ಮದುವೆ, ಭಜನೆ, ನಾಟಕ ಯಾವುದಕ್ಕೆ ಕರೆದರೂ ಕೀಬೋರ್ಡ್ ಹೊತ್ತು ಹೊರಡುವ ಮನುಷ್ಯ. ಆ ಹಳೆಯ ಕೀಬೋರ್ಡಿಗೆ ಒಂದು ಕೆಟ್ಟ ಚಾಳಿ. ನಾವಾಗಿ ತುಂಬಿದ ಧ್ವನಿಯನ್ನು ಸ್ವಿಚ್ ಆರಿಸಿದೊಡನೆ ಮರೆತುಬಿಡುತ್ತಿತ್ತು. ಪ್ರತಿ ಸಲ ಫ್ಲಾಪಿ ಹಾಕಿ ಮತ್ತೆ ತುಂಬಬೇಕು.

ಒಮ್ಮೆ ತಮಾಷೆಗೆಂದು ಹೆಂಡತಿ ಶಟ್ಟೆವ್ವನಿಂದ ಮೈಕಿನ ಮುಂದೆ 'ಆ' ಅನ್ನಿಸಿ ಫ್ಲಾಪಿಗೆ ತುಂಬಿಕೊಂಡಿದ್ದ. ನಡುವೆ ಅವಳು ಉಸಿರು ತೆಗೆದುಕೊಂಡಿದ್ದಳು. ಅದನ್ನು ಕತ್ತರಿಸಬೇಕು ಅಂದುಕೊಂಡವನು ಹಾಗೇ ಬಿಟ್ಟ. ಎರಡು ಸಾವಿರದ ಒಂದರಲ್ಲಿ ಕಾಮಾಲೆಯಾಗಿ ಶಟ್ಟೆವ್ವ ಹೋದಳು. ಅವಳ ಧ್ವನಿ ಬೇರೆಲ್ಲೂ ಉಳಿದಿರಲಿಲ್ಲ. ಅವಳ ತಾಯಿ ಮರೆವ್ವ ಅದಕ್ಕಾಗಿಯೇ ಪ್ರತಿ ಅಮವಾಸ್ಯೆಗೆ ಸಂಪಗಾಂವದಿಂದ ಬಸ್ಸು ಹತ್ತಿ ಬರುತ್ತಿದ್ದಳು. ಅಳಿಯ ಕೀಲಿ ಒತ್ತಿದರೆ ಸೆರಗಿನಿಂದ ಕಣ್ಣೊರೆಸಿಕೊಂಡು "ಇನ್ನೊಮ್ಮೆ ಒತ್ರಿ" ಅನ್ನುವಳು. ರಿಪೇರಿಯವನು ಹೇಳಿದಂತೆ ಅಂದಾನೆಪ್ಪ ಇನ್ನೊಂದು ಫ್ಲಾಪಿಗೂ ನಕಲು ಇಳಿಸಿ ನಿಶ್ಚಿಂತನಾದ.

ಎರಡು ವರ್ಷದ ಮೇಲೆ, ದಸರೆಯ ಖಂಡೆ ಪೂಜೆ, ಅಂದರೆ ಆಯುಧ ಪೂಜೆಯ ದಿನ. ಕೀಬೋರ್ಡ್, ಮೈಕು, ರಿಪೇರಿಗೆಂದು ಡಬ್ಬಿಯಿಂದ ಬಿಚ್ಚಿದ ಸ್ಪೀಕರು ಎಲ್ಲ ಸಾಲಾಗಿ ಕುಳಿತವು. ಎರಡೂ ಫ್ಲಾಪಿಗಳೂ ಬಂದವು. ಒಂದಕ್ಕೆ ವಿಭೂತಿ ಹಚ್ಚಿ ಇನ್ನೊಂದನ್ನು ಪೆಟ್ಟಿಗೆಯಲ್ಲೇ ಬಿಡಲು ಮನಸ್ಸಾದರೂ ಬರಬೇಕಲ್ಲ!

"ನನ್ನ ಮಗಳನ್ನ ನೆಲದ ಮ್ಯಾಲ ಇಡಬ್ಯಾಡ್ರಿ ಅಳಿಯಂದ್ರ," ಎಂದು ಹಬ್ಬಕ್ಕೆ ಬಂದಿದ್ದ ಮರೆವ್ವ ಎರಡನ್ನೂ ಎತ್ತಿ, ಬೋರಲಾಗಿ ಇಟ್ಟಿದ್ದ ಸ್ಪೀಕರಿನ ದುಂಡನೆಯ ಬೆನ್ನಿನ ಮೇಲೆ ಕೂರಿಸಿ ಹೂವು ಏರಿಸಿದಳು. ಒಳ್ಳೆ ಪೀಠದ ಹಾಗೇ ಇತ್ತು. ಅದು ಅಂಗೈ ಅಗಲದ ಅಯಸ್ಕಾಂತ ಎಂಬುದು ಅಂದಾನೆಪ್ಪನಿಗೂ ಆ ಹೊತ್ತಿಗೆ ಹೊಳೆಯಲಿಲ್ಲ. ಪೂಜೆಗಿಟ್ಟದ್ದನ್ನು ಮರುದಿನ ಬನ್ನಿ ಕೊಡುವ ತನಕ ಮುಟ್ಟುವಂತಿಲ್ಲ.

ಮರೆವ್ವ ಊರಿಗೆ ಹೋದ ಮೇಲೆ ಫ್ಲಾಪಿ ಹಾಕಿದ. ಏನೂ ಇಲ್ಲ. ಇನ್ನೊಂದನ್ನು ಹಾಕಿದ. ಅದರಲ್ಲೂ ಇಲ್ಲ. ಆಗ ಸ್ಪೀಕರಿನ ಕಡೆ ನೋಡಿ ಹಣೆ ಹಣೆ ಬಡಿದುಕೊಂಡ. ಅಯಸ್ಕಾಂತ ತಾಗಿದರೆ ಫ್ಲಾಪಿಯಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಅಯ್ಯೋ ಶಿವನೇ, ಹೆತ್ತ ಕೈಯೇ ಅಳಿಸಿಬಿಟ್ಟಿತ್ತು! ಇದನ್ನು ಆ ಮುದುಕಿಗೆ ಯಾವ ಬಾಯಿಂದ ಹೇಳುವುದು?

ಹೇಳಲಿಲ್ಲ. ಅಮವಾಸ್ಯೆಗೆ ಅವಳು ಬಂದು ಕುಳಿತಾಗ, ಕಂಪನಿಯವರೇ ತುಂಬಿಟ್ಟಿದ್ದ ಹೆಣ್ಣುಧ್ವನಿಯೊಂದನ್ನು ಹುಡುಕಿ ಒತ್ತಿದ. ಸೊಗಸಾದ 'ಆ'.

"ಇನ್ನೊಮ್ಮೆ ಒತ್ರಿ," ಎಂದಳು ಮರೆವ್ವ.

ಒತ್ತಿದ.

"ಇಕಿ ಯಾರ್ರಿ? ನಮ್ಮ ಶಟ್ಟಿ ನಡುವ ಉಸರ ತಗೋತಿದ್ಲು. ಇಕಿ ಉಸರss ತಗೋವಲ್ಲಳು."

ಅಂದಾನೆಪ್ಪ ತಲೆ ತಗ್ಗಿಸಿದ. "ನನ್ನ ಕೈಯಿಂದ ಅಳಿಸಿ ಹೋತ್ರಿ, ಅತ್ತಿ."

ಮುದುಕಿ ಎದ್ದು ನಿಂತಳು. ಅಳಿಯನೆಂಬ ಮರ್ಯಾದೆಯೂ ಉಳಿಯಲಿಲ್ಲ. "ಸತ್ತಾಕಿನ್ನ ಮತ್ತೊಮ್ಮೆ ಕೊಂದೆಲ್ಲೋ! ನನ್ನ ಮಗಳನ್ನ ಅಳಿಸಿದ ಕೈಯಾಗ ಹುಳಾ ಬೀಳ್ಲಿ!"

ಅಂದಾನೆಪ್ಪ ಅವಳ ಚೀಲ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ತನಕ ಹಿಂದೆ ಹಿಂದೆ ನಡೆದ. ಮುಂದಿನ ಅಮವಾಸ್ಯೆಗೆ ಅವಳು ಬರಲಿಲ್ಲ.