ತೆರೆಯ ಮೇಲೆ ಚಿಗವ್ವನ ಬರಿ ಹಣೆ

ಸಿಂಧನೂರಿನಲ್ಲಿ ಹೊಸ ಸಿನಿಮಾಗಳ ಉತ್ಸವ. ಆ ಮಧ್ಯಾಹ್ನದ ಸಿನಿಮಾದಲ್ಲಿ ನನ್ನ ಚಿಗವ್ವ, ನನ್ನವ್ವನ ತಂಗಿ, ವಿಧವೆಯ ಪಾತ್ರ ಮಾಡಿದ್ದಳು. ಅವಳ ಗಂಡ, ನನ್ನ ಕಾಕಾ, ಗಟ್ಟಿಮುಟ್ಟಾಗಿ ನನ್ನ ಪಕ್ಕದಲ್ಲೇ ಕೂತು ಶೇಂಗಾ ತಿನ್ನುತ್ತಿದ್ದ. ಅವನಾಚೆ ಚಿಗವ್ವ, ಅವಳಾಚೆ ಅವಳ ಅತ್ತೆ, ನಾವೆಲ್ಲ ಅಮ್ಮ ಎಂದು ಕರೆಯುವಾಕೆ. ಸೊಸೆ ಸಿನಿಮಾದಲ್ಲಿ ನೆಲ್ಲು ನಾಟಿ ಮಾಡುತ್ತಾಳೆ ಎಂಬಷ್ಟೇ ಆ ಅಮ್ಮನಿಗೆ ಗೊತ್ತು. ಮುಂದಿನದನ್ನು ಯಾರೂ ಹೇಳಿರಲಿಲ್ಲ.

ಶೂಟಿಂಗಿಗೆ ಮುಂಚೆ ಚಿಗವ್ವ ಮಸ್ಕಿಗೆ ಬಂದು ನನ್ನನ್ನೇ ಕೇಳಿದ್ದಳು: "ಗಂಡ ಇರಾಕಿ ಕುಂಕುಮ ಅಳಿಸ್ಕೊಂಡು ನಿಂದರಬಹುದೇನ?"

ಲಿಂಗಸುಗೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಪಳಗಿದವಳು ನಾನು, ಬಿಡುತ್ತೇನೆಯೇ? "ಸಿನಿಮಾದಾಗ ಸತ್ತಾಂವ ಸಂಜಿಗೆ ಮನಿಗೆ ಹೋಗಿ ರೊಟ್ಟಿ ತಿನ್ನಂಗಿಲ್ಲೇನು?"

ಜೊತೆಗೆ ಬಂದಿದ್ದ ಕಾಕಾ ನಕ್ಕು ಒಪ್ಪಿದ. ಗೆದ್ದೆ. ಆದರೆ ನಾಳೆ ಕಾಕಾನಿಗೆ ಬರೀ ನೆಗಡಿ ಬಂದರೂ ಬಳಗಾನೂರಿನ ಆ ಮನೆಯಲ್ಲಿ ಮಾತು ಕೇಳಬೇಕಾದವಳು ಚಿಗವ್ವ. ನನ್ನ ವಾದ ಅಲ್ಲಿ ಒಲೆಯ ಮುಂದೆ ಬಂದು ಕೂಡುವುದಿಲ್ಲ.

ದೀಪ ಆರಿತು. ತುರ್ವಿಹಾಳದ ಗದ್ದೆ ಕಂಡದ್ದೇ ಹಿಂದಿನಿಂದ ಸೀಟಿ, "ನಮ್ಮ ಕಡಿ ಗದ್ದಿ ಲೇ!" ಅಮ್ಮನೂ ನಕ್ಕಳು. ಅರ್ಧ ಸಿನಿಮಾ ದಾಟಿದ ಮೇಲೆ ತೆರೆ ತುಂಬ ಚಿಗವ್ವನ ಬರಿ ಹಣೆ. ಮಾತಿಲ್ಲ, ಸಂಗೀತವಿಲ್ಲ, ಮುಗಿಯುವ ಲಕ್ಷಣವೂ ಇಲ್ಲ.

"ಏ, ಸೌಂಡ್ ಹೋಗೈತಿ ನೋಡ್ರೋ!" ಯಾರೋ ಕೂಗಿದರು. ಎಲ್ಲರೂ ನಕ್ಕರು, ನಮ್ಮ ಸಾಲು ಬಿಟ್ಟು.

ಎದುರಾಳಿಯ ಮುಖ ನೋಡಿ ಮುಂದಿನ ಮಾತು ಜೋಡಿಸುವುದು ನನ್ನ ರೂಢಿ. ಅಮ್ಮನ ಮುಖದಲ್ಲಿ ಹಿಡಿಯಲು ಏನೂ ಸಿಗಲಿಲ್ಲ. ಅಷ್ಟರಲ್ಲಿ ಕಾಕಾ ಕೆಮ್ಮಿದ. ಶೇಂಗಾದ ಸಿಪ್ಪೆ ಗಂಟಲಿಗೆ ಸಿಕ್ಕಿರಬೇಕು. ಬೇರೆ ಕಾರಣವೇ ಇಲ್ಲ. ಆದರೂ ಆಮೇಲೆ ನಾನು ಸಿನಿಮಾ ನೋಡಲಿಲ್ಲ, ಕಾಕಾನನ್ನೇ ನೋಡಿದೆ.

ದೀಪ ಹತ್ತಿತು. ನಟಿಸಿದವರನ್ನು ವೇದಿಕೆಗೆ ಕರೆದರು. ಚಿಗವ್ವ ಎದ್ದಳು. ಅಮ್ಮ ಅವಳ ಮಣಿಕಟ್ಟು ಹಿಡಿದಳು.

"ತಡಿ. ಹಂಗ ಹೋಗಬ್ಯಾಡ."

ನಾನು ಮಾತು ಶುರು ಮಾಡಿದೆ, "ಅಮ್ಮ, ಅದು ಬರೇ ಪಾತ್ರ ರೀ..."

"ನಿನ್ನ ಭಾಷಣ ಆಮ್ಯಾಲ. ಅಲ್ಲಿ ಉದ್ಘಾಟನಿ ದೀಪದ ಹತ್ರ ತಾಟಿನ್ಯಾಗ ಕುಂಕುಮ ಐತಿ. ತಂದು ಇಕಿಗೆ ಹಚ್ಚು. ನಾ ಹಚ್ಚೋ ಹಂಗಿಲ್ಲ."

ಅಮ್ಮನ ಗಂಡ ತೀರಿ ಬಹಳ ವರ್ಷವಾಗಿತ್ತು. ಹಚ್ಚೋ ಹಂಗಿಲ್ಲ ಯಾಕೆ? ಅದಕ್ಕೆ ನನ್ನ ಬಳಿ ಇಡೀ ಭಾಷಣವೇ ಇತ್ತು. ಚಿಗವ್ವ ನನ್ನನ್ನು ನೋಡಿ ಬೇಡವೆಂದು ಮೆಲ್ಲಗೆ ತಲೆಯಾಡಿಸಿದಳು. ನುಂಗಿಕೊಂಡೆ. ಹೋಗಿ ತಂದೆ. ಇದ್ದ ಕುಂಕುಮದ ಮೇಲೇ ಹಚ್ಚಿದೆ.

"ಇನ್ನೂ ದೊಡ್ಡದು," ಅಂದಳು ಅಮ್ಮ. ಆಮೇಲೆ ಮಣಿಕಟ್ಟು ಬಿಟ್ಟಳು. "ಹೋಗು. ಸೆರಗು ಸರಿ ಮಾಡ್ಕೋ, ಮಂದಿ ನೋಡಾಕತ್ತಾರ."

ಹೊರಗೆ ಕಾಕಾ ಒಂದೇ ಬೈಕಿಗೆ ಇಬ್ಬರನ್ನೂ ಹತ್ತಿಸಿಕೊಂಡ.

"ಸಾವಕಾಶ ಹೋಗ್ರಿ. ಮುಟ್ಟಿದ ಕೂಡ್ಲೆ ಫೋನ್ ಮಾಡ್ರಿ," ಅಂದೆ.

"ಯಾಕ?" ಹಿಂದಿನಿಂದ ಅಮ್ಮ ಬಗ್ಗಿ ನೋಡಿದಳು. "ನೀ ಇದನ್ನೆಲ್ಲ ನಂಬಂಗಿಲ್ಲಲ್ಲಬೇ?"

ಕಾಕಾ ಹೋ ಎಂದು ನಕ್ಕ. ಮತ್ತೆ ಕೆಮ್ಮಿದ. ಬೈಕು ಹೊರಟಿತು.

ಮಸ್ಕಿ ಬಸ್ಸಿನಲ್ಲಿ ಫೋನನ್ನು ಚೀಲದೊಳಗೆ ಹಾಕದೆ ಕೈಯಲ್ಲೇ ಹಿಡಿದು ಕೂತೆ.