ಗೋವಾದಲ್ಲಿ ನಮ್ಮ ಬೀಗರ ಮನೆ

ನಿಮ್ಮ ಅತ್ತೆ ಯಾವತ್ತಾದರೂ ಸಮುದ್ರಕ್ಕೆ ಟಾವೆಲ್, ಟೊಪಗಿ ಒಯ್ದಿದ್ದಾರಾ?

ಮೈ ಒರೆಸಿಕೊಳ್ಳಲು ಅಲ್ಲ. ಸಮುದ್ರಕ್ಕೇ ಕೊಡಲು. ಹೊಸ ಟಾವೆಲ್, ಬಿಳಿ ಟೊಪಗಿ, ತೆಂಗಿನಕಾಯಿ, ಎಲೆ ಅಡಿಕೆ. ಮದುವೆಯಲ್ಲಿ ಬೀಗರಿಗೆ ಬಟ್ಟೆಬರೆ ಕೊಟ್ಟು ಆಯೇರಿ ಮಾಡುತ್ತೇವಲ್ಲ, ಥೇಟ್ ಹಾಗೆ. ನಮ್ಮತ್ತೆ ಒಯ್ದಿದ್ದರು. ಅದೂ ಗೋವಾಕ್ಕೆ.

ಮೊದಲಿನಿಂದ ಹೇಳುತ್ತೇನೆ. (ನಾನು ಯಾವುದನ್ನೂ ಮೊದಲಿನಿಂದ ಹೇಳುವವಳಲ್ಲ ಎಂದು ನಿಮಗೆ ಗೊತ್ತಿದೆ. ಈ ಸಲ ಬೇರೆ ದಾರಿಯಿಲ್ಲ.)

ಮಗಳ ಪಿಯುಸಿ ಪರೀಕ್ಷೆ ಮುಗಿದಿತ್ತು. ಕೊಪ್ಪಳದಲ್ಲಿ ಬಿಸಿಲು ಏರುತ್ತಿತ್ತು. "ಗೋವಾ" ಎಂದಳು ಮಗಳು. "ಬಜೆಟ್" ಎಂದರು ನಮ್ಮ ಮನೆಯವರು. ಎರಡನ್ನೂ ಕೂಡಿಸಿದರೆ ಏನು ಸಿಗುತ್ತದೆ? ಸೀಸನ್ ಮುಗಿಯುವ ಹೊತ್ತಿನ ಪ್ಯಾಕೇಜ್ ಸಿಗುತ್ತದೆ. ಸಿಕ್ಕಿತು. ಫೋಟೋದಲ್ಲಿ ನೀಲಿ ಸಮುದ್ರ, ತೆಂಗಿನ ಮರ, ಬಿಳಿ ಹಾಸಿಗೆಯ ಮೇಲೆ ಟಾವೆಲ್ ಮಡಚಿ ಮಾಡಿದ ಹಂಸ. ಇಷ್ಟು ಕಡಿಮೆಗೆ ಹೇಗೆ ಕೊಡುತ್ತಾರೆ ಎಂದು ನಾವ್ಯಾರೂ ಕೇಳಲಿಲ್ಲ. ಕಡಿಮೆಗೆ ಸಿಕ್ಕಾಗ ಯಾರು ಕೇಳುತ್ತಾರೆ?

ತಕರಾರು ತೆಗೆದವರು ಅತ್ತೆ. "ಇಲ್ಲಿ ಬಿಸಲಾ ಕಮ್ಮಿ ಬಿದ್ದೈತೇನು? ಊರ ಬಿಟ್ಟು ಊರಿಗೆ ಹೋಗಿ ಬಿಸಲಾಗ ಕುಂದ್ರೂದು ಯಾಂವ ಹೇಳ್ಯಾನ ನಿಮಗ?"

ನಮ್ಮತ್ತೆ ಆನೆಗೊಂದಿಯವರು. ಹುಟ್ಟಿದ್ದು ಅಲ್ಲಿ, ಮದುವೆಯಾದದ್ದೂ ಅದೇ ಊರಲ್ಲಿ. ಈಗ ನಮ್ಮ ಜೊತೆ ಕೊಪ್ಪಳದಲ್ಲಿದ್ದರೂ ಆಗಾಗ ಹೋಗಿ ತುಂಗಭದ್ರೆಯ ಮುಖ ನೋಡಿ ಬರದಿದ್ದರೆ ಊಟ ಸೇರುವುದಿಲ್ಲ. ಅವರ ಬಾಯಲ್ಲಿ ಅದು ನದಿಯಲ್ಲ, ತುಂಗಭದ್ರೆಯೂ ಅಲ್ಲ. "ಆಕಿ." ಪ್ರತಿ ವರ್ಷ ಹೊಸ ನೀರು ಬಂದಾಗ ಕುಬಸದ ಬಟ್ಟೆ, ಬಳೆ, ಅಕ್ಕಿ ಇಟ್ಟು ಆಕಿಗೆ ಉಡಿ ತುಂಬುತ್ತಾರೆ. ಗಂಡನ ಮನೆಗೆ ಹೊರಟ ಊರ ಮಗಳಿಗೆ ತುಂಬುತ್ತಾರಲ್ಲ, ಹಾಗೆ.

ಇಂಥ ಅತ್ತೆಯನ್ನು ಎಬ್ಬಿಸುವುದು ಹೇಗೆ? ನಮ್ಮ ಮನೆಯವರಿಗೆ ಒಂದು ಐಡಿಯಾ ಬಂತು.

"ಅವ್ವಾ, ನಮ್ಮ ಹೊಳಿ ಕಡೀಕ ಹೋಗಿ ಕೂಡೂದು ಸಮುದ್ರಾನ ಅಲ್ಲೇನು? ನಿನಗ ನೋಡ್ಬೇಕನ್ಸಂಗಿಲ್ಲೇನು?"

ಅತ್ತೆ ಬಿಡಿಸುತ್ತಿದ್ದ ಶೇಂಗಾ ಹಾಗೇ ಬಿಟ್ಟರು. "ಅಂದ್ರ ಆಕಿ ಗಂಡನ ಮನಿ?"

"ಹಂಗ ಅನ್ಕೋ."

ಮಾತು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ನಮ್ಮ ಮನೆಯವರ ನೌಕರಿ ಕಾಲುವೆ ನೀರಿನದು. ಹೊಳೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಿದ್ದೆಯಲ್ಲೂ ಹೇಳುತ್ತಾರೆ. ತುಂಗಭದ್ರೆ ಹರಿಯುವುದು ಪೂರ್ವಕ್ಕೆ. ಗೋವಾ ಇರುವುದು ಪಶ್ಚಿಮಕ್ಕೆ. ಇಷ್ಟು ಹೇಳಲು ಆ ಮನುಷ್ಯನಿಗೆ ಬಾಯಿ ಬರಲಿಲ್ಲ. ಅವರ ಅವ್ವ, ಅವರ ಮಾತು ಎಂದು ನಾನು ಒಗ್ಗರಣೆ ಹಾಕಲು ಒಳಗೆ ಹೋದೆ.

ಮರುದಿನವೇ ಅತ್ತೆ ಜವಾಹರ ರಸ್ತೆಗೆ ಹೋಗಿ ಆಯೇರಿ ತಂದರು. ಬಾಳೆನಾರಿನ ಚೀಲದಲ್ಲಿ ಜೋಡಿಸಿದರು.

"ಟೊಪಗಿ ಯಾಕ್ರೀ ಅತ್ತೀ? ಉಡಿ ತುಂಬೂದಲ್ಲೇನ್ರಿ?"

"ಉಡಿ ಆಕಿಗೆ. ಸಮುದ್ರ ಅಂದ್ರ ಆಕಿ ಗಂಡ. ಅಳ್ಯಾಗ ಉಡಿ ತುಂಬಾಕ ಬರ್ತೈತೇನ ಹುಚ್ಚಿ?"

ನಾನು ಎಂ.ಎ. ಮಾಡಿದವಳು. ಟೊಪಗಿ ಮಡಚಿ ಚೀಲದೊಳಗಿಟ್ಟೆ.

ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಇಳಿದೆವು. ಗೋವಾ ಹೇಗಿದೆ? ಚೆಂದ ಇದೆ. ಆದರೆ ನಾವು ಕೊಟ್ಟ ದುಡ್ಡಿಗೆ ಅದು ನಮಗೆ ಎಷ್ಟು ಚೆಂದ ಕಾಣಬೇಕೋ ಅಷ್ಟೇ ಕಂಡಿತು. ನಮ್ಮದು "ಸೀ ವ್ಯೂ" ರೂಮು. ಒಂದು ಕಿಟಕಿ ತೆರೆದರೆ ಗೋಡೆ. ಇನ್ನೊಂದು ತೆರೆಯಲಿಲ್ಲ. ವ್ಯೂ ಎಲ್ಲಿದೆ ಎಂದು ಕೇಳಿದ್ದಕ್ಕೆ ರಿಸೆಪ್ಷನ್ ಹುಡುಗಿ ಬಾತ್‌ರೂಮ್ ಕಡೆ ಕೈ ಮಾಡಿದಳು. ನಮ್ಮ ಮನೆಯವರು ಬಕೆಟ್ ಬೋರಲು ಹಾಕಿ, ಹತ್ತಿ, ವೆಂಟಿಲೇಟರಿನಲ್ಲಿ ಇಣುಕಿದರು.

"ಕಾಣಾಕತ್ತೈತಿ! ನೀಲಿ ಐತಿ ನೋಡು!"

ಮಗಳು ಹತ್ತಿ ನೋಡಿದಳು. "ಪಪ್ಪಾ, ಅದು ತಾಡಪತ್ರಿ."

ಪಕ್ಕದ ಕಟ್ಟಡಕ್ಕೆ ಯಾರೋ ನೀಲಿ ಟಾರ್ಪಾಲು ಹೊದಿಸಿದ್ದರು. ಟಾವೆಲ್ ಹಂಸವೂ ಇರಲಿಲ್ಲ. ಟಾವೆಲ್ ಕೇಳಿ ತರಿಸಿಕೊಳ್ಳಬೇಕಾಯಿತು.

ಇನ್ನು ಬಿಸಿಲು. ನಮ್ಮ ಬಿಸಿಲಿಗೆ ನೀವೆಲ್ಲ ಬೈಯುತ್ತೀರಿ, ನಾನೂ ಬೈಯುತ್ತೇನೆ. ಆದರೆ ಅದಕ್ಕೊಂದು ಮರ್ಯಾದೆ ಇದೆ. ಸುಡುತ್ತದೆ, ಬೆವರು ಬರುತ್ತದೆ, ಆರುತ್ತದೆ. ಗೋವಾದ ಬಿಸಿಲು ಸುಡುವುದಿಲ್ಲ, ಬೇಯಿಸುತ್ತದೆ. ಸ್ನಾನ ಮಾಡಿ ಮೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಸ್ನಾನ ಮಾಡಿದ ಹಾಗೆ. ನಮ್ಮಲ್ಲಿ ಎರಡನೇ ಸೀರೆ ಹಿಂಡುವುದರೊಳಗೆ ಮೊದಲನೆಯದು ಒಣಗಿರುತ್ತದೆ. ಅಲ್ಲಿ ಒಣಹಾಕಿದ ಬಟ್ಟೆಯನ್ನು ನಾವು ಹಸಿಯಾಗಿಯೇ ವಾಪಸ್ ತಂದೆವು.

ತಿಂಡಿ ಫ್ರೀ. ಬ್ರೆಡ್ಡು, ಜಾಮು. ಅತ್ತೆ ತಟ್ಟೆ ನೋಡಿ ಗಾಬರಿಯಾದರು. "ಯಾರಿಗೆ ಜ್ವರ ಬಂದಾವು?" (ನಮ್ಮ ಕಡೆ ಬ್ರೆಡ್ಡು ತರುವುದು ಆಸ್ಪತ್ರೆಗೆ ಮಾತ್ರ.) ಮನೆಯಿಂದ ತಂದ ಕಟಕ ರೊಟ್ಟಿ, ಶೇಂಗಾ ಹಿಂಡಿ ಚಟ್ನಿಪುಡಿ ಹೊರಬಂತು. ರಿಸೆಪ್ಷನ್ ಹುಡುಗಿಯೂ ಒಂದು ರೊಟ್ಟಿ ಇಸಿದುಕೊಂಡು ತಿಂದಳು.

ಹೀಗೆ ಬೈದುಕೊಂಡೇ ಬೀಚಿಗೆ ನಡೆದೆವು. ಎರಡು ಅಂಗಡಿ ದಾಟಿದೆವು, ಒಂದು ತೆಂಗಿನ ತೋಪು ದಾಟಿದೆವು. ಎದುರಿಗೆ ಸಮುದ್ರ.

ನಾನು ಹನುಮಸಾಗರದವಳು. ಊರ ಹೆಸರಲ್ಲಿ ಸಾಗರವಿದ್ದರೂ ಕೊಡ ಹಿಡಿದು ನಳದ ಮುಂದೆ ಪಾಳಿ ನಿಂತು ಬೆಳೆದವಳು. ನೀರು ಎಂದರೆ ನನಗೆ ಬಂದಾಗ ಹನಿ ಚೆಲ್ಲದೆ ತುಂಬಿಕೊಳ್ಳಬೇಕಾದ ವಸ್ತು. ಅಲ್ಲಿ ನೋಡಿದರೆ ಯಾರೂ ಕೇಳದೆಯೇ ಅದು ಬರುತ್ತಿದೆ, ಮತ್ತೆ ಬರುತ್ತಿದೆ, ಕಾಲಿಗೆ ಬೀಳುತ್ತಿದೆ. ಖುಷಿಗೆ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಮರುಕ್ಷಣವೇ ಸಿಟ್ಟೂ ಬಂತು. ಇಷ್ಟು ನೀರಿಟ್ಟು ಒಂದು ಗುಟುಕೂ ಕುಡಿಯದ ಹಾಗೆ ಮಾಡಿದ್ದು ಯಾರ ಪ್ಲಾನು?

ನಮಗೆ ಇನ್ನೊಂದು ಅಳುಕಿತ್ತು. ಬಿಕಿನಿ. ಸೀಸನ್ ಮುಗಿದರೂ ಉಳಿದಿದ್ದ ಕೆಲವು ಫಾರಿನ್ ಹೆಂಗಸರು ಮರಳ ಮೇಲೆ ಮಲಗಿದ್ದರು. ಅತ್ತೆ ಏನೆನ್ನುತ್ತಾರೋ? ನಮ್ಮ ಮನೆಯವರು ಕುತ್ತಿಗೆ ತಿರುಗಿಸಿ ತೆಂಗಿನ ಮರ ಎಣಿಸತೊಡಗಿದರು.

"ಯಾಕೋ, ಕುತಗಿ ಹಿಡದೈತೇನು?" ಅತ್ತೆ ನಕ್ಕರು. "ನಮ್ಮೂರ ಹೊಳಿ ದಂಡಿಗೆ ಬರೂ ಇಂಥಾ ಫಾರಿನ್ ಮಂದೀನ ನೋಡ್ಕೋತನ ಮುದುಕಿ ಆಗೇನಿ ನಾನು. ಆದ್ರ ಈಕಿ ಹಪ್ಪಳದಂಗ ಒಂದ ಮಗ್ಗಲಾ ಒಣಗ್ಯಾಳ ನೋಡು. ಹೊಳ್ಳಿ ಮಕ್ಕೋ ಅಂತ ಯಾರರ ಹೇಳ್ರಿ."

ಎಲ್ಲವೂ ಸರಿ. ಆದರೆ ಅತ್ತೆ ನೀರಿಗೆ ಕಾಲಿಡಲಿಲ್ಲ. ಒಣ ಮರಳಿನ ಅಂಚಿನಲ್ಲಿ ತಲೆ ಮೇಲೆ ಸೆರಗು ಹೊದ್ದು, ಚೀಲ ಎದೆಗವಚಿಕೊಂಡು ನಿಂತರು. ಅಲೆ ಹತ್ತಿರ ಬಂದರೆ ಹಿಂದೆ ಸರಿಯುತ್ತಿದ್ದರು. ಈಜು ಬಲ್ಲ ಹೆಂಗಸು!

"ಬರ್ರಿ ಅತ್ತೀ, ಕಾಲರ ತೊಯ್ಸಿಕೊಳ್ರಿ."

"ಬೀಗರ ಮನಿಗೆ ಬಂದು ಮಾತಾಡ್ಸೂದ ಬಿಟ್ಟು ಸೀದಾ ಒಳಗ ನುಗ್ತಾರೇನು? ಮೊದ್ಲ ನಮ್ಮ ಹುಡುಗೀನ ನೋಡ್ಬೇಕು. ಆಮ್ಯಾಲ ಅಳ್ಯಾಗ ಆಯೇರಿ. ಆಮ್ಯಾಲ ಉಳದದ್ದು." ಮಗನ ಕಡೆ ತಿರುಗಿದರು. "ಆಕಿ ಯಾವ ಕಡಿಂದ ಬರ್ತಾಳೋ?"

ನಿಜ ಹೇಳಲು ದೇವರೇ ಕೊಟ್ಟ ಅವಕಾಶ. ನಮ್ಮ ಮನೆಯವರು ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಎರಡು ಗುಡಿಸಲು ಹೋಟೆಲುಗಳ ನಡುವೆ ಒಂದು ಹಳ್ಳ ಬಂದು ಸಮುದ್ರ ಸೇರುತ್ತಿತ್ತು. ಅದರ ಕಡೆ ಬೆರಳು ಮಾಡಿಬಿಟ್ಟರು!

"ಅಕಾ, ಅಲ್ಲಿ."

ಅತ್ತೆ ಬಿರಬಿರನೆ ನಡೆದರು. ನಾವು ಹಿಂದೆ ಓಡಿದೆವು. ಹಳ್ಳದಲ್ಲಿ ಪಾದ ಮುಳುಗುವಷ್ಟು ಕಪ್ಪು ನೀರಿತ್ತು. ಒಂದು ಬಾಟಲಿ ಸಿಕ್ಕಿಕೊಂಡಿತ್ತು. ನಾಯಿಯೊಂದು ಹೊಟ್ಟೆ ತೋಯದ ಹಾಗೆ ದಾಟಿ ಹೋಯಿತು.

"ಈಕಿ?"

"ಹೂಂ" ಎಂದರು ನಮ್ಮ ಮನೆಯವರು. ದನಿ ಅವರಿಗೇ ಕೇಳಿಸಿರಲಿಕ್ಕಿಲ್ಲ.

ಅತ್ತೆ ಚೀಲ ಬಗಲಿಗೆ ಏರಿಸಿದರು. ಬಗ್ಗಿ ಒಂದು ಬೊಗಸೆ ಎತ್ತಿದರು, ಚೆಲ್ಲಿದರು. "ಇಷ್ಟ ಸೊರಗ್ಯಾಳ?" ಎಂದರು. ಮರಳ ಮೇಲೆ ಕೂತರು. ಕಣ್ಣಲ್ಲಿ ನೀರು ದಳದಳ ಇಳಿಯತೊಡಗಿತು.

"ಇಂಥಾ ದೊಡ್ಡ ಮನಿ. ಕಣ್ಣ ಹಾಯಿಸಿದಷ್ಟೂ ಅವಂದ ಐತಿ. ನಮ್ಮ ಹುಡುಗಿ ಹಿತ್ತಲ ಬಾಗಲದಾಗ ಹಿಂಗ ಬಿದ್ದಾಳ."

ಆಮೇಲೆ ಎದ್ದರು. ಸಮುದ್ರಕ್ಕೆ ಎದುರಾಗಿ, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನೋ ಭಾಡ್ಯಾ! ಹೆಂಗಿದ್ದಾಕಿನ್ನ ಹೆಂಗ ಮಾಡಿ ಇಟ್ಟೀದಿ? ಗುಂಡುಗಲ್ಲ ಹೊಳ್ಳಿಸ್ಕೊಂಡ ಬರೂ ಹುಡುಗಿ ಆಕಿ! ಆನೆಗೊಂದಿಯೊಳಗ ತೆಪ್ಪಾ ಹಾಕಾಕ ಅಂಜ್ತಿದ್ರು! ಇದಕ್ಕೇನ ನಾವು ಉಡಿ ತುಂಬಿ ಕಳಿಸಿದ್ದು? ನಿನಗ ಟೊಪಗಿ ಬ್ಯಾರೆ ಕೇಡು!"

ಒಣಗುತ್ತಿದ್ದ ಫಾರಿನ್ ಹೆಂಗಸು ಎದ್ದು ಕೂತಳು. ಮಸಾಜ್ ಬೇಕೇ ಎಂದು ಬೀಚಿನಲ್ಲಿ ನಮ್ಮ ಬೆನ್ನು ಹತ್ತಿದ್ದವನು ದಾರಿ ಬದಲಿಸಿದ. ನನಗೆ ಮೊದಲು ನಗು ಬಂತು. ಅತ್ತೆಯ ಮುಖ ನೋಡಿ ನಿಂತುಹೋಯಿತು. ಅದು ಆಟವಾಗಿರಲಿಲ್ಲ. ಮಗಳ ಮನೆಗೆ ಹೋಗಿ ಬಾಗಿಲಲ್ಲೇ ಅವಳ ಮೈಕಟ್ಟು ನೋಡಿ ಎಲ್ಲವನ್ನೂ ಅರಿತ ತಾಯಿಯ ಮುಖ. ನನಗೂ ಒಬ್ಬಳು ಮಗಳಿದ್ದಾಳೆ.

"ಈಗರ ಹೇಳ್ರಿ" ಎಂದು ಗಂಡನನ್ನು ತಿವಿದೆ. ಅವರು ಮರಳು ನೋಡುತ್ತಿದ್ದರು.

ಹೇಳಿದ್ದು ಮಗಳು. "ಅಜ್ಜೀ, ಅಳಬ್ಯಾಡ. ಇದು ನಮ್ಮ ಹೊಳಿ ಅಲ್ಲ. ಇದ್ಯಾವ್ದೋ ಇಲ್ಲಿ ಹಳ್ಳ. ನಮ್ಮ ಹೊಳಿ ಈ ಕಡಿ ಬರಂಗೇ ಇಲ್ಲ. ಕೃಷ್ಣಾ ಹೊಳಿ ಜೋಡಿ ಕೂಡಿ ಆಂಧ್ರದ ಕಡೆ ಹೋಗ್ತೈತಿ. ಆ ಸಮುದ್ರಾನ ಬ್ಯಾರೆ."

ಅತ್ತೆ ಮಗನನ್ನು ನೋಡಿದರು. "ಖರೇ ಏನೋ?"

"ಖರೇನವ್ವಾ."

"ಈಕಿ ನಮ್ಮಾಕಿ ಅಲ್ಲ?"

"ಅಲ್ಲ."

"ಇಂವ ನಮ್ಮ ಅಳ್ಯಾ ಅಲ್ಲ?"

"ಅಲ್ಲವ್ವಾ."

ಈಗ ಬೀಳುತ್ತದೆ ಏಟು ಎಂದು ನಾನು ಚಪ್ಪಲಿಗಳ ಕಡೆ ಕಣ್ಣಿಟ್ಟೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಉಸಿರು ಬಿಟ್ಟರು. "ಮೊದ್ಲ ಹೇಳಾಕ ಏನಾಗಿತ್ತೋ ಹುಚ್ಚಪ್ಯಾಲಿ? ಸಂಬಂಧ ಇಲ್ಲದಾಂವಗ ಇಷ್ಟ ಬೈದ್ನಲ್ಲ!" ಸಮುದ್ರಕ್ಕೆ ಕೈ ಮುಗಿದರು. "ತಪ್ಪ ತಿಳ್ಕೋಬ್ಯಾಡಪಾ. ಮನಿ ತಪ್ಪಿ ಬಂದೀವಿ."

ಚೀಲ ನನ್ನ ಕೈಗಿತ್ತರು. ಸೀರೆ ಎತ್ತಿ ಕಚ್ಚೆ ಹಾಕಿದರು. "ಬೀಗರಲ್ಲ ಅಂದ ಮ್ಯಾಲ ಇನ್ನೆಂಥಾ ನಾಚಿಗಿ?" ಎಂದವರೇ ಸೀದಾ ನೀರಿಗಿಳಿದರು. ಮೊಣಕಾಲು. ಸೊಂಟ. ಒಂದು ದೊಡ್ಡ ಅಲೆ ಬಂದು ಕೆಡವಿತು. ಉಪ್ಪು ನೀರು ಉಗುಳುತ್ತ ಎದ್ದರು, ನಕ್ಕರು, ಮತ್ತೆ ಬಿದ್ದರು. ಮೊಮ್ಮಗಳನ್ನು ಎಳೆದುಕೊಂಡರು. ದಂಡೆಯಲ್ಲೇ ನಿಂತಿದ್ದ ಮಗನಿಗೆ ನೀರು ಎರಚಿದರು. ಮದುವೆಯಾಗಿ ಬಂದಾಗಿನಿಂದ ಅತ್ತೆ ಹಾಗೆ ಬಾಯಿ ತೆರೆದು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಆಗ ಅನಿಸಿತು. ನಾವು ಊರು ಬಿಟ್ಟು ಹೋಗುವುದೆಲ್ಲ ಯಾರ ಮನೆಗೆ? ಬೀಗರು, ನೆಂಟರು. ಸೆರಗು ಸರಿಮಾಡಿಕೊಂಡು ಕೂರುವುದು. ಹಸಿವಿದ್ದರೂ "ಸಾಕ್ರಿ, ಸಾಕ್ರಿ" ಎನ್ನುವುದು. ಗೋವಾದಲ್ಲಿ ನಮಗೆ ಯಾರೂ ಏನೂ ಆಗಬೇಕಿಲ್ಲ. ತಾಡಪತ್ರಿ, ಬ್ರೆಡ್ಡು, ಒಣಗದ ಬಟ್ಟೆ, ಎಲ್ಲವನ್ನೂ ಅದೊಂದಕ್ಕಾಗಿ ಮಾಫಿ ಮಾಡಿದೆ.

ಆಯೇರಿ ಈಗ ವಾಪಸ್ ಕೊಪ್ಪಳದಲ್ಲಿದೆ. (ತೆಂಗಿನಕಾಯಿ ಚಟ್ನಿಯಾಯಿತು.) ಅತ್ತೆಯ ಪ್ರೋಗ್ರಾಂ ಫಿಕ್ಸ್. "ಮುಂದಿನ ಬ್ಯಾಸಗಿ ಸೂಟಿಗೆ ಖರೇ ಬೀಗರ ಮನಿ. ತೆಲುಗು ಮಂದಿ ಅಂತ. ಛಲೋ ಆತು, ನಂಗ ಅವರ ಮಾತು ಬರ್ತಾವು. ಆಕಿ ಅಲ್ಲೆರ ಮೈ ತುಂಬಿಕೊಂಡು ಇರ್ತಾಳ ಬಿಡು, ಜೋಡಿಗೆ ಕೃಷ್ಣಾನೂ ಅದಾಳ."

ನಮ್ಮ ಮನೆಯವರು ಈ ಮಾತು ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಾರೆ. ಮೊನ್ನೆ ಚಹಾ ಕುಡಿಯುವಾಗ ಬಾಯಿಬಿಟ್ಟರು. "ಬ್ಯಾಸಗ್ಯಾಗ ಆ ಕಡೆ ಏನ್ ನೀರ ಹೋಗ್ತೈತಿ? ಡ್ಯಾಮಿನ ಎಡಕ್ಕೊಂದು ಕಾಲುವಿ, ಬಲಕ್ಕೊಂದು ಕಾಲುವಿ. ಗಂಗಾವತಿ ಭತ್ತ, ಊರೂರ ನಳ, ಫ್ಯಾಕ್ಟರಿ. ಎಲ್ಲಾರ್ದೂ ಮುಗದ ಮ್ಯಾಲ ಉಳದ್ರ ಉಂಟು. ಅವ್ವನ್ನ ಕರ್ಕೊಂಡು ಹೋಗಿ ಏನ ತೋರಿಸ್ಲಿ?"

ನಾನು ಕಪ್ಪು ತೊಳೆಯಲು ನಳ ಬಿಟ್ಟೆ. ನೀರು ಧಾರಾಳವಾಗಿ ಬಂತು.

ಅಲ್ಲಿ ಆಕಿ ನಿಜವಾಗಿಯೂ ಸೊರಗಿದ್ದರೆ, ಅತ್ತೆ ಸೊಂಟದ ಮೇಲೆ ಕೈಯಿಟ್ಟು ಯಾರಿಗೆ ಬೈಯಬೇಕು: ಗಂಡನ ಮನೆಯವರಿಗೋ, ಉಡಿ ತುಂಬಿ ದಾರಿಯಲ್ಲೇ ಎಲ್ಲ ಕಸಿದುಕೊಂಡ ತವರಿನವರಿಗೋ?